ಐದು ವರ್ಷದ ಮಗಳಿಗೆ ಫೋಮಿನಲ್ಲಿ ಆನೆ ಟೊಪ್ಪಿ ಮಾಡೋದು ಹೇಗೆ?

ನಿಮ್ಮ ಪ್ರಶ್ನೆ ಓದಿದೆ. ಮಗಳಿಗೆ ಆನೆ ವೇಷ ಬೇಕು, ರಟ್ಟಿನಲ್ಲಿ ಮಾಡಿದ್ದು ಮಡಿಚಿಕೊಂಡು ಹರಿದುಹೋಯಿತು, ಫೋಮ್ ತಂದಿಟ್ಟಿದ್ದೀರಿ. ಆದರೆ ಚಪ್ಪಟೆ ಶೀಟನ್ನು ತಲೆಯ ಹಾಗೆ ಗುಂಡಗೆ ಮಾಡೋದು ಹೇಗೆ, ಸೊಂಡಿಲು ನಿಲ್ಲಿಸೋದು ಹೇಗೆ ಅಂತ ತಿಳಿಯುತ್ತಿಲ್ಲ. ಮಕ್ಕಳ ನಾಟಕಗಳಿಗೆ ಇಂಥ ಟೊಪ್ಪಿಗಳನ್ನು ಮಾಡಿಕೊಡುತ್ತಾ ಬಂದಿದ್ದೇನೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಒಂದು ಮಾತು. ಮಗು ಟೊಪ್ಪಿ ಹಾಕಿಕೊಂಡಿರೋದನ್ನೇ ಮರೆತು ಕುಣಿಯಬೇಕು. ಭಾರ ಇರಬಾರದು, ಕಣ್ಣಿಗೆ ಅಡ್ಡ ಬರಬಾರದು, ಸೆಕೆ ಆಗಬಾರದು. ನೋಡಲು ಎಷ್ಟೇ ಚೆನ್ನಾಗಿದ್ದರೂ ಮಗು ಎರಡು ನಿಮಿಷಕ್ಕೆ ಕಿತ್ತು ಕೈಗೆ ಕೊಟ್ಟರೆ ಏನು ಪ್ರಯೋಜನ ಹೇಳಿ? ಮುಂದೆ ಹೇಳೋದೆಲ್ಲಾ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ.

ಫೋಮ್ ಎರಡು ಥರ ಸಿಗುತ್ತದೆ. ಕುರ್ಚಿ, ಸೋಫಾಗಳಿಗೆ ಹಾಕುವ ಸ್ಪಂಜಿನಂಥದ್ದು ಒಂದು. ಮಕ್ಕಳ ಆಟದ ಮ್ಯಾಟ್‌ಗಳಲ್ಲಿ ಇರುವ ನಯವಾದ, ಗಟ್ಟಿ ಇವಿಎ ಶೀಟ್ ಇನ್ನೊಂದು. ತಲೆಗೆ, ಕಿವಿಗೆ, ಸೊಂಡಿಲಿಗೆ ಸ್ಪಂಜಿನಂಥದ್ದೇ ಸರಿ, 1 ಸೆಂ.ಮೀ. ದಪ್ಪ ಸಾಕು. ಹಗುರ, ಮೆತ್ತಗೆ, ಗಾಳಿಯೂ ಆಡುತ್ತದೆ. ಕಣ್ಣು, ದಂತಕ್ಕೆ ತೆಳು ಇವಿಎ ಬಳಸಿ. ಸ್ಪಂಜ್ ಫೋಮ್ ಬೂದು ಬಣ್ಣದಲ್ಲೂ ಬರುತ್ತದೆ. ಅದು ಸಿಕ್ಕರೆ ಬಣ್ಣ ಹಚ್ಚುವ ಕೆಲಸವೇ ಇಲ್ಲ.

ಈಗ ಅಳತೆ. ಹೊಲಿಗೆ ಟೇಪನ್ನು ಹುಬ್ಬಿನ ಸ್ವಲ್ಪ ಮೇಲಿಂದ, ಕಿವಿಯ ಮೇಲೆ ಹಾಯಿಸಿ, ಹಿಂದೆ ತಲೆ ಉಬ್ಬಿರುವ ಕಡೆ ಸುತ್ತು ತನ್ನಿ. ಈ ವಯಸ್ಸಿಗೆ ಸಾಮಾನ್ಯವಾಗಿ 50ರಿಂದ 52 ಸೆಂ.ಮೀ. ಬರುತ್ತದೆ. ನಿಮ್ಮ ಮಗಳದ್ದು 52 ಅಂದುಕೊಳ್ಳೋಣ. ಪಟ್ಟಿಯನ್ನು 52ಕ್ಕೇ ಕತ್ತರಿಸಿದರೆ ಟೊಪ್ಪಿ ಬಿಗಿಯಾಗುತ್ತದೆ. ದಪ್ಪ ಇರುವ ವಸ್ತುವನ್ನು ಬಳೆಯಂತೆ ಸುತ್ತಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. 1 ಸೆಂ.ಮೀ. ದಪ್ಪದ ಫೋಮಿಗೆ ಒಳಸುತ್ತು ಸುಮಾರು 3 ಸೆಂ.ಮೀ. ಕಮ್ಮಿಯಾಗುತ್ತದೆ. ಹಾಗಾಗಿ 55 ಸೆಂ.ಮೀ. ಉದ್ದ, 17 ಸೆಂ.ಮೀ. ಎತ್ತರದ ಪಟ್ಟಿ ತೆಗೆದುಕೊಳ್ಳಿ.

ಕೆಳಗಿನ 3 ಸೆಂ.ಮೀ. ಹಾಗೇ ಬಿಡಿ, ಅದು ಹಣೆಪಟ್ಟಿ. ಮೇಲಿನ 14 ಸೆಂ.ಮೀ. ಅನ್ನು ಆರು ಎಸಳು ಮಾಡಿ. ಒಂದೊಂದರ ಬುಡ 9 ಸೆಂ.ಮೀ. ಚಿಲ್ಲರೆ ಬರುತ್ತದೆ, ತುದಿ ಚೂಪು. ನೀವು ಕೇಳಿದ ‘ಗುಂಡಗೆ ಮಾಡೋದು ಹೇಗೆ’ ಅನ್ನೋದಕ್ಕೆ ಉತ್ತರ ಇರೋದು ಈ ಎಸಳಿನ ಅಂಚಿನಲ್ಲೇ. ಬುಡದಿಂದ ತುದಿಗೆ ನೇರ ಗೆರೆ ಎಳೆದರೆ ನಡು ಎತ್ತರದಲ್ಲಿ ಎಸಳು 4.5 ಸೆಂ.ಮೀ. ಅಗಲ ಇರುತ್ತದೆ, ಅಂಟಿಸಿದಾಗ ಜೋಕರ್ ಟೊಪ್ಪಿಯ ಹಾಗೆ ಚೂಪಾಗಿ ಏಳುತ್ತದೆ. ಅದೇ ನಡುವಿನಲ್ಲಿ 6.5 ಸೆಂ.ಮೀ. ಇರುವಂತೆ ಗೆರೆಯನ್ನು ಹೊರಕ್ಕೆ ಉಬ್ಬಿಸಿ ಎಳೆದರೆ ತಲೆ ಗುಂಡಗೆ ಕೂರುತ್ತದೆ. ಒಂದು ಎಸಳನ್ನು ದಪ್ಪ ಕಾಗದದಲ್ಲಿ ಕತ್ತರಿಸಿಕೊಂಡು ಅದನ್ನೇ ಆರು ಸಲ ಇಟ್ಟು ಗುರುತು ಹಾಕಿ. ಕಣ್ಣಳತೆಯಲ್ಲಿ ಬರೆಯಲು ಹೋಗಬೇಡಿ.

ಕತ್ತರಿ ಬೇಡ. ಅದು ಫೋಮನ್ನು ಹಿಸುಕಿಕೊಂಡು ಕತ್ತರಿಸುತ್ತದೆ, ಅಂಚು ಒಳಕ್ಕೆ ಬಾಗುತ್ತದೆ, ಆಮೇಲೆ ಎರಡು ಅಂಚು ಒಂದಕ್ಕೊಂದು ಕೂರೋದಿಲ್ಲ. ಹೊಸ ಬ್ಲೇಡ್ ಹಾಕಿದ ಕಟ್ಟರ್ ತೆಗೆದುಕೊಂಡು, ಒತ್ತದೆ, ಉದ್ದಕ್ಕೆ ಎಳೆಯಿರಿ. ಒಂದೇ ಎಳೆತಕ್ಕೆ ಆಗದಿದ್ದರೆ ಅದೇ ಗೆರೆಯಲ್ಲಿ ಇನ್ನೊಮ್ಮೆ ಎಳೆಯಿರಿ. ಫೋಮ್ ಹರಿಯಲು ಶುರುವಾಯಿತು ಅಂದರೆ ಬ್ಲೇಡ್ ಮೊಂಡಾಗಿದೆ ಅಂತ ಅರ್ಥ.

ಅಂಟಿಗೆ ಚಪ್ಪಲಿ ರಿಪೇರಿಗೆ ಬಳಸುವಂಥ ರಬ್ಬರ್ ಅಂಟು ಒಳ್ಳೆಯದು. ಎರಡೂ ಅಂಚಿಗೆ ತೆಳುವಾಗಿ ಹಚ್ಚಿ, ಬೆರಳಿಗೆ ಅಂಟದಷ್ಟು ಆರುವ ತನಕ ಬಿಡಿ, ಸಾಮಾನ್ಯವಾಗಿ ಐದರಿಂದ ಹತ್ತು ನಿಮಿಷ. ಆಮೇಲೆ ಒತ್ತಿದರೆ ತಕ್ಷಣ ಹಿಡಿಯುತ್ತದೆ. ಹಸಿ ಇರುವಾಗಲೇ ಒತ್ತಿದರೆ ಜಾರುತ್ತಲೇ ಇರುತ್ತದೆ. ಎಸಳುಗಳನ್ನು ಬುಡದಿಂದ ತುದಿಯ ಕಡೆಗೆ, ಎರಡು ಬೆರಳಿನಲ್ಲಿ ಚಿವುಟಿದ ಹಾಗೆ ಒತ್ತುತ್ತಾ ಹೋಗಿ. ಚಪ್ಪಟೆ ಪಟ್ಟಿ ಕಣ್ಣೆದುರೇ ತಲೆಯಾಗಿ ಏಳೋದನ್ನು ನೋಡಬೇಕು, ನನಗಂತೂ ಇಡೀ ಕೆಲಸದಲ್ಲಿ ಅತಿ ಇಷ್ಟವಾಗುವ ಗಳಿಗೆ ಅದು. ಈ ಅಂಟಿನ ವಾಸನೆ ಒಳ್ಳೆಯದಲ್ಲ, ಬೆಂಕಿಯೂ ಬೇಗ ಹಿಡಿಯುತ್ತದೆ. ಕಿಟಕಿ ತೆರೆದಿಡಿ, ಒಲೆಯಿಂದ ದೂರ ಕೂರಿ, ಮಗಳನ್ನು ಆ ಹೊತ್ತು ಬೇರೆ ಕೋಣೆಗೆ ಕಳಿಸಿ. ಗ್ಲೂ ಗನ್ ಬೇಗ ಆಗುತ್ತದೆ ನಿಜ, ಆದರೆ ಆರಿದ ಮೇಲೆ ಒಳಗೆ ಗಟ್ಟಿ ಏಣು ಉಳಿದು ತಲೆಗೆ ಚುಚ್ಚುತ್ತದೆ. ಅದನ್ನು ಕಣ್ಣು, ದಂತಕ್ಕೆ ಮಾತ್ರ ಇಟ್ಟುಕೊಳ್ಳಿ.

ಎಲ್ಲಾ ಎಸಳುಗಳನ್ನೂ ಒಟ್ಟಿಗೆ ಮುಚ್ಚಿಬಿಡಬೇಡಿ. ಆರು ಎಸಳು ಅಂದರೆ ಆರು ಜೋಡಣೆ. ಎದುರುಬದುರು ಇರುವ ಎರಡು ಜೋಡಣೆ ಎಡಕ್ಕೆ, ಬಲಕ್ಕೆ ಬರುವಂತೆ ತಿರುಗಿಸಿಟ್ಟುಕೊಳ್ಳಿ. ಕಿವಿಗಳು ಅಲ್ಲಿಗೆ ಬರುತ್ತವೆ, ಹಾಗಾಗಿ ಆ ಎರಡನ್ನು ಈಗಲೇ ಅಂಟಿಸದೆ ಬಿಡಿ. ಆಗ ಹಣೆಯ ನಡುವೆ ಜೋಡಣೆ ಬರದೆ ಒಂದು ಪೂರ್ತಿ ಎಸಳು ಸಿಗುತ್ತದೆ, ಸೊಂಡಿಲು ಕೂರಿಸಲು ಸಮನಾದ ಜಾಗ. ಪಟ್ಟಿಯ ಎರಡು ತುದಿ ಕೂಡುವ ಜೋಡಣೆ ಹಿಂದುಗಡೆ ಇರಲಿ.

ಆನೆ ಅಂತ ದೂರದಿಂದಲೇ ಗೊತ್ತಾಗೋದು ಕಿವಿಯಿಂದ. ಧಾರಾಳವಾಗಿ ಮಾಡಿ, 20 ಸೆಂ.ಮೀ. ಎತ್ತರ, 16 ಅಗಲ ಇದ್ದರೂ ಜಾಸ್ತಿಯಲ್ಲ. ಕಿವಿಯ ಬುಡದ ನಡುವಿನಲ್ಲಿ 5 ಸೆಂ.ಮೀ. ಸೀಳಿ, ಸೀಳಿದ ಅಂಚುಗಳನ್ನು ಒಂದರ ಮೇಲೊಂದು ಸ್ವಲ್ಪ ಸರಿಸಿ ಅಂಟಿಸಿ. ಚಪ್ಪಟೆ ಕಿವಿ ಬೊಗಸೆಯಂತೆ ಕುಳಿಯಾಗುತ್ತದೆ, ತಾನಾಗಿ ನಿಲ್ಲುತ್ತದೆ. ಆಮೇಲೆ ಬುಡವನ್ನು ಪಕ್ಕದ ಜೋಡಣೆಯೊಳಗೆ ತೂರಿಸಿ, ಎರಡೂ ಎಸಳಿನ ನಡುವೆ ಸೇರಿಸಿ ಅಂಟಿಸಿ. ಮೇಲಿಂದ ಸುಮ್ನೆ ಅಂಟಿಸಿದ ಕಿವಿ ಯಾರಾದರೂ ಎಳೆದರೆ ಬಂದುಬಿಡುತ್ತದೆ, ಮಕ್ಕಳು ಎಳೆದೇ ಎಳೆಯುತ್ತಾರೆ. ಕಿವಿಗೆ ತಂತಿ ಮಾತ್ರ ಹಾಕಬೇಡಿ. ನಡೆಯುವಾಗ ಅಲ್ಲಾಡಿದರೇ ಆನೆಗೆ ಚಂದ.

ಸೊಂಡಿಲನ್ನು ಮುಖದ ಮೇಲೆ ಇಳಿಬಿಡಬೇಡಿ. ಅದು ಟೊಪ್ಪಿಯನ್ನು ಮುಂದಕ್ಕೆ ಎಳೆಯುತ್ತದೆ, ಟೊಪ್ಪಿ ಕಣ್ಣಿಗೆ ಇಳಿಯುತ್ತದೆ, ಮಗು ಮೆಟ್ಟಿಲು ಕಾಣದೆ ಎಡವುತ್ತದೆ. ಮೇಲಕ್ಕೆ ಎತ್ತಿದ ಸೊಂಡಿಲು ಮಾಡಿ. 18 ಸೆಂ.ಮೀ. ಉದ್ದ, ಒಂದು ಕಡೆ 14, ಇನ್ನೊಂದು ಕಡೆ 8 ಅಗಲದ ತುಂಡು ಕತ್ತರಿಸಿ. ಸುರುಳಿ ಸುತ್ತುವ ಮೊದಲೇ, ತುಂಡಿನ ನಡುವೆ ಅಡ್ಡಕ್ಕೆ, ಕಣ್ಣಿನಾಕಾರದ ನಾಲ್ಕು ತೂತು ತೆಗೆಯಿರಿ. ಒಂದೊಂದೂ 5 ಸೆಂ.ಮೀ. ಉದ್ದ, ನಡುವಿನಲ್ಲಿ 1 ಸೆಂ.ಮೀ. ಅಗಲ ಇರಲಿ, ತುದಿಯ ಕಡೆಯವು ಸ್ವಲ್ಪ ಚಿಕ್ಕವು. ಪ್ರತಿ ತೂತಿನ ಮೇಲಂಚು, ಕೆಳಅಂಚು ಸೇರಿಸಿ ಅಂಟಿಸಿ. ಆ ಬದಿ ಗಿಡ್ಡವಾಗಿ ಫೋಮ್ ತಾನೇ ಬಾಗುತ್ತದೆ, ಅಂಟಿದ ಗೆರೆಗಳು ಸೊಂಡಿಲಿನ ಸುಕ್ಕಿನಂತೆಯೇ ಕಾಣುತ್ತವೆ. ಈಗ ಕೊಳವೆಯಾಗಿ ಸುತ್ತಿ, ಉದ್ದದ ಜೋಡಣೆ ಕೆಳಗೆ, ಸುಕ್ಕು ಮೇಲೆ ಬರುವಂತೆ ಹಣೆಗೆ ಅಂಟಿಸಿ. ಒಳಗೆ ಹತ್ತಿ ತುಂಬಬೇಡಿ, ಖಾಲಿಯೇ ಇರಲಿ.

ಬಿಳಿ ಫೋಮೇ ಸಿಕ್ಕಿದ್ದರೆ ಅಕ್ರಿಲಿಕ್ ಬಣ್ಣಕ್ಕೆ ನೀರು ಬೆರೆಸಿ ಸ್ಪಂಜಿನಲ್ಲಿ ಒತ್ತಿ ಒತ್ತಿ ಹಚ್ಚಿ. ದಪ್ಪಗೆ ಬಳಿದರೆ ಗಟ್ಟಿಯಾಗಿ ಬಿರಿಯುತ್ತದೆ. ಕಣ್ಣುಗಳನ್ನು ಸೊಂಡಿಲಿನ ಎರಡು ಪಕ್ಕಕ್ಕೆ, ದೂರ ದೂರ, ತುಸು ಕೆಳಗೆ ಇಡಿ. ಎಲ್ಲಿಡಬೇಕು ಅಂತ ಮಗಳನ್ನೇ ಕೇಳಿ, ಅವಳ ಆನೆ ತಾನೆ? ಮನೆಯಲ್ಲಿ ಇನ್ನೂ ಚಿಕ್ಕ ಮಗು ಇದ್ದರೆ ಗುಂಡಿ, ಮಣಿ ಬೇಡ, ಕಿತ್ತು ಬಾಯಿಗೆ ಹಾಕಿಕೊಳ್ಳುತ್ತದೆ.

ಒಳಗೆ ತೆಳು ಹತ್ತಿ ಬಟ್ಟೆಯ ಲೈನಿಂಗ್ ಹಾಕಿ, ಬೆವರು ಹೀರುತ್ತದೆ. ಗಲ್ಲದ ಕೆಳಗೆ ಎಲಾಸ್ಟಿಕ್ ಅಥವಾ ದಾರ ಗಂಟು ಹಾಕಬೇಡಿ. ಎರಡು ಬಟ್ಟೆಪಟ್ಟಿ ಹೊಲಿದು ತುದಿಗೆ ವೆಲ್ಕ್ರೋ ಇಡಿ. ಎಲ್ಲಾದರೂ ಸಿಕ್ಕಿಕೊಂಡರೆ ಅದು ತಾನೇ ಬಿಚ್ಚಿಕೊಳ್ಳಬೇಕು, ಕುತ್ತಿಗೆ ಬಿಗಿಯಬಾರದು. ಈ ಫೋಮ್ ಬೇಗ ಹೊತ್ತಿ ಉರಿಯುತ್ತದೆ. ಹಾಗಾಗಿ ಟೊಪ್ಪಿ ತಲೆಯ ಮೇಲಿರುವಷ್ಟು ಹೊತ್ತೂ ದೀಪ, ಮೇಣದಬತ್ತಿಯ ಹತ್ತಿರ ಬಿಡಬೇಡಿ.

ಹಾಕಿಕೊಳ್ಳುವ ದಿನಕ್ಕೆ ಎರಡು ದಿನ ಮೊದಲೇ ಅಂಟಿಸುವ ಕೆಲಸ ಮುಗಿಸಿ, ಗಾಳಿಯಾಡುವ ಕಡೆ ಇಟ್ಟರೆ ವಾಸನೆ ಹೋಗುತ್ತದೆ. ಆಮೇಲೆ ಮಗಳಿಗೆ ಹಾಕಿ, ಕುಣಿಯಲು ಹೇಳಿ, ಬಗ್ಗಿ ಕಾಲು ನೋಡಲು ಹೇಳಿ. ಬಗ್ಗಿದಾಗ ಹಣೆಗೆ ಜಾರಿದರೆ ಹಿಂದುಗಡೆ ಒಳಗೆ ಒಂದು ಚಿಕ್ಕ ಫೋಮ್ ತುಂಡು ಅಂಟಿಸಿ, ಸರಿಹೋಗುತ್ತದೆ.

ಎಸಳಿನ ಕಾಗದದ ಅಚ್ಚನ್ನು ಎತ್ತಿಡಿ. ಮುಂದಿನ ಸಲ ಮೊಲವೋ ಕರಡಿಯೋ ಬೇಕೆಂದರೆ ತಲೆ ಇದೇ, ಕಿವಿ ಬದಲಾಯಿಸಿದರೆ ಆಯಿತು. ಸಿಂಹಕ್ಕಾದರೆ ಕಿವಿಯ ಬದಲು ಹಣೆಪಟ್ಟಿಯ ಸುತ್ತ ಫೋಮನ್ನು ಕುಚ್ಚಿನ ಹಾಗೆ ಸೀಳಿ ಎರಡು ಸಾಲು ಅಂಟಿಸಿ. ಎಲ್ಲಾದರೂ ಸಿಕ್ಕಿಕೊಂಡರೆ ಇಲ್ಲೇ ಕೇಳಿ, ಹೇಳುತ್ತೇನೆ.