ಟ್ಯಾಲಿನೂ ಬರುತ್ತೆ, ಎಡಿಟಿಂಗೂ ಬರುತ್ತೆ, ಯಾವ್ದು ಹಿಡೀಲಿ?

ಪ್ರಶ್ನೆ: ಬಿಕಾಂ ಮುಗ್ಸಿದೀನಿ, ಲೆಕ್ಕ ಬರೆಯೋ ಟ್ಯಾಲಿ ಸಾಫ್ಟ್‌ವೇರ್ ಬರುತ್ತೆ, ಮದುವೆ ವಿಡಿಯೋ ಎಡಿಟಿಂಗೂ ಮಾಡ್ತೀನಿ, ನುಡಿ ಸಾಫ್ಟ್‌ವೇರ್‌ನಲ್ಲಿ ಕನ್ನಡ ಟೈಪಿಂಗೂ ಗೊತ್ತು. ಮನೇಲಿ ಒಂದೇ ಹಿಡ್ಕೋ ಅಂತಾರೆ, ಏನ್ ಮಾಡ್ಲಿ ಸರ್?
– ಓದುಗ, ದಾವಣಗೆರೆ

ಉತ್ತರ: ಮನೆಯವ್ರು ಹೇಳೋದು ಅರ್ಧ ಸರಿ. ಸಿಎ ಮಾಡ್ತೀನಿ ಅಂದ್ರೆ ಉಳಿದಿದ್ದೆಲ್ಲಾ ಪಕ್ಕಕ್ಕಿಡಿ, ಅಲ್ಲಿ ಅರೆಬರೆ ನಡೆಯಲ್ಲ. ಇಲ್ಲಾಂದ್ರೆ ಬರೀ ಟ್ಯಾಲಿ ನಂಬ್ಕೋಬೇಡಿ, 2017ರಲ್ಲಿ ಜಿಎಸ್‌ಟಿ ಬಂದ್ಮೇಲೆ ಅದು ಗಲ್ಲಿಗೊಬ್ರಿಗೆ ಬರುತ್ತೆ. ಖರೀದಿ ಬಿಲ್ಲುಗಳನ್ನ ಜಿಎಸ್‌ಟಿಆರ್-2ಬಿ (ಮಾಲು ಕೊಟ್ಟವ್ರು ಸಲ್ಲಿಸಿದ ಲೆಕ್ಕದಿಂದ ಜಿಎಸ್‌ಟಿ ಪೋರ್ಟಲ್ ತಯಾರಿಸೋ ಪಟ್ಟಿ) ಜೊತೆ ತಾಳೆ ನೋಡಿ, ಇನ್‌ಪುಟ್ ಕ್ರೆಡಿಟ್ (ಖರೀದಿ ಮೇಲೆ ಕೊಟ್ಟ ತೆರಿಗೆನ ಕಟ್ಟಬೇಕಾದ ತೆರಿಗೇಲಿ ಮುರ್ಕೊಳ್ಳೋ ಅವಕಾಶ) ಎಲ್ಲಿ ಕೈ ತಪ್ತಿದೆ ಅಂತ ಅಂಗಡಿ ಮಾಲೀಕರಿಗೆ ನೆಟ್ಟಗೆ ಕನ್ನಡದಲ್ಲಿ ಬರೆದು ವಾಟ್ಸಾಪ್ ಮಾಡೋಕೆ ಬಂದ್ರೆ ಅವ್ರು ನಿಮ್ಮನ್ನ ಬಿಡಲ್ಲ, ಈ ಎರಡೂ ಒಟ್ಟಿಗೆ ಬರೋರು ಕಮ್ಮಿ (ಟೈಪಿಂಗ್ ಕೆಲಸಕ್ಕೆ ಬಂತು ನೋಡಿ). ಎಡಿಟಿಂಗಾ? ಮದುವೆ ಸೀಸನ್‌ಗೆ ಇರ್ಲಿ, ಲೆಕ್ಕದ ವರ್ಷ ಮುಗಿಯೋ ಮಾರ್ಚ್ ಕೊನೇಲಿ ಮಾತ್ರ ಒಪ್ಕೋಬೇಡಿ.