ಟಾಲೆಂಡ್ ಸ್ಟುಡಿಯೋ ತೆರೆದ ಮೇಲೆ ಮೊದಲು ಯಾವ ಕಡೆ ನೋಡಬೇಕು: ಪ್ಯಾಲೆಟ್ಟೋ, ರೆಪಾಸಿಟರಿಯೋ?

ಎರಡೂ ಅಲ್ಲ. ಟಾಲೆಂಡ್ ಸ್ಟುಡಿಯೋ ಅಂದರೆ ಒಂದು ಕಡೆಯ ಡೇಟಾ ಓದಿ, ತಿದ್ದಿ, ಇನ್ನೊಂದು ಕಡೆ ಹಾಕುವ ಸಾಫ್ಟ್‌ವೇರ್; ಅದರ ಬಲಗಡೆಯ ಪ್ಯಾಲೆಟ್ ಕಾಂಪೊನೆಂಟ್‌ಗಳ (ಒಂದೊಂದು ಕೆಲಸ ಮಾಡುವ ತುಂಡುಗಳ) ಪೆಟ್ಟಿಗೆ, ಎಡಗಡೆಯ ರೆಪಾಸಿಟರಿ ಜಾಬ್, ಫೈಲ್ ರಚನೆಗಳನ್ನು ಉಳಿಸಿಡುವ ಜಾಗ. ರೈಸ್ ಮಿಲ್ಲಿನ ವೇಬ್ರಿಜ್ (ಲಾರಿ ತೂಗುವ ಕಾಟಾ) ಫೈಲನ್ನು ಡೇಟಾಬೇಸಿಗೆ ಹಾಕಬೇಕು, ಸ್ಟುಡಿಯೋ ತೆರೆದರೆ ಪರದೆ ತುಂಬ ಖಾನೆಗಳು, ಬಲಗಡೆಯದು ಕಲಿಯಲೋ ಎಡಗಡೆಯದೋ ಅಂತ ಕೇಳಿದ್ದೀರಿ. ಗಂಗಾವತಿಯ ಒಂದು ಮಿಲ್ಲಿನಲ್ಲಿ ನಾನು ಶುರು ಮಾಡಿದ್ದೂ ಇದೇ ಕೆಲಸದಿಂದ. ಮೊದಲು ಕಲಿಯಬೇಕಾದದ್ದು ಕೆಳಗಿನ ಟ್ಯಾಬ್‌ಗಳನ್ನು: ಜಾಬ್, ಕಾಂಟೆಕ್ಸ್ಟ್ಸ್, ಕಾಂಪೊನೆಂಟ್, ರನ್. ಅದರಲ್ಲೂ ರನ್ ಟ್ಯಾಬ್‌ನ ಬಲ ತುದಿ. ಆ ತುದಿಯನ್ನು ಓದದೆ ಒತ್ತಿದ್ದಕ್ಕೆ ಒಂದು ಹಂಗಾಮಿನ ಭತ್ತದ ಆವಕದ ಟೇಬಲ್ಲೇ ಖಾಲಿಯಾಯಿತು.

ನನ್ನ ಜಾಬ್‌ನಲ್ಲಿ, ಅಂದರೆ ಕಾಂಪೊನೆಂಟ್‌ಗಳನ್ನು ಜೋಡಿಸಿ ಕಟ್ಟಿದ ಕೆಲಸದಲ್ಲಿ, ಇದ್ದದ್ದು ಮೂರೇ ಕಾಂಪೊನೆಂಟ್. ಸಿಎಸ್‌ವಿ (ಕಾಲಂಗಳ ನಡುವೆ ಚಿಹ್ನೆ ಇಟ್ಟ ಪಠ್ಯ ಫೈಲ್) ಓದುವ ಟಿ-ಫೈಲ್-ಇನ್‌ಪುಟ್-ಡಿಲಿಮಿಟೆಡ್, ಕೆಜಿಯನ್ನು 75 ಕೆಜಿ ಚೀಲದ ಲೆಕ್ಕಕ್ಕೆ ತರುವ ಟಿ-ಮ್ಯಾಪ್, ಮೈಎಸ್‌ಕ್ಯೂಎಲ್ ಡೇಟಾಬೇಸಿಗೆ ಬರೆಯುವ ಟಿ-ಡಿಬಿ-ಔಟ್‌ಪುಟ್. ಪ್ರತಿ ಪರೀಕ್ಷೆಗೂ ಟೇಬಲ್ ಸ್ವಚ್ಛವಾಗಿರಲಿ ಅಂತ ಕೊನೆಯದರಲ್ಲಿ 'ಆ್ಯಕ್ಷನ್ ಆನ್ ಟೇಬಲ್' ಎಂಬಲ್ಲಿ ಟ್ರಂಕೇಟ್ (ಟೇಬಲ್ಲಿನ ಸಾಲುಗಳನ್ನೆಲ್ಲ ಅಳಿಸುವುದು) ಆರಿಸಿದ್ದೆ. ಕಾಂಟೆಕ್ಸ್ಟ್ಸ್ ಟ್ಯಾಬ್‌ನಲ್ಲಿ ಎರಡು ಕಾಲಂ; ಒಂದೊಂದೂ ಒಂದು ಕಾಂಟೆಕ್ಸ್ಟ್, ಅಂದರೆ ಜಾಬ್ ಓಡುವಾಗ ಬಳಸುವ ವಿಳಾಸ ಮುಂತಾದವುಗಳ ಒಂದು ಕಟ್ಟು. ಮೊದಲು ಹುಟ್ಟಿದ 'ಡಿಫಾಲ್ಟ್'ನಲ್ಲಿ ಅಸಲಿ ಡೇಟಾಬೇಸಿನ ವಿಳಾಸ, ಆಮೇಲೆ ಸೇರಿಸಿದ 'ಪರೀಕ್ಷೆ'ಯಲ್ಲಿ ನನ್ನ ಸಿಸ್ಟಮ್ಮಿನ ವಿಳಾಸ. ಸಂಜೆ 'ಪರೀಕ್ಷೆ' ಕಾಲಮ್ಮಿನಲ್ಲಿ ಹೋಸ್ಟ್ (ಡೇಟಾಬೇಸ್ ಇರುವ ಸಿಸ್ಟಮ್ಮಿನ ವಿಳಾಸ) ತಿದ್ದಿ, ಸೇವ್ ಮಾಡಿ, ಜಾಬ್ ಓಡಿಸುವ ಎಫ್6 ಒತ್ತಿದೆ.

ತಪ್ಪು ಇಲ್ಲೇ ಇದೆ, ನಿಧಾನವಾಗಿ ನೋಡ್ರಿ. ಕಾಂಟೆಕ್ಸ್ಟ್ಸ್ ಟ್ಯಾಬ್ ಬರೀ ಮೌಲ್ಯಗಳ ಪಟ್ಟಿ. ಅಲ್ಲಿ ಯಾವ ಕಾಲಂ ತಿದ್ದಿದಿರಿ ಅನ್ನುವುದಕ್ಕೂ ಯಾವುದು ಓಡುತ್ತದೆ ಅನ್ನುವುದಕ್ಕೂ ಸಂಬಂಧವೇ ಇಲ್ಲ. ಓಡುವುದು ಯಾವುದು ಎಂದು ತೀರ್ಮಾನ ಆಗುವುದು ರನ್ ಟ್ಯಾಬ್‌ನ ಬಲಗಡೆಯ ಡ್ರಾಪ್‌ಡೌನಿನಲ್ಲಿ. ನನ್ನದರಲ್ಲಿ ಅಲ್ಲಿ 'ಡಿಫಾಲ್ಟ್' ಕೂತಿತ್ತು. ಅದರ ಕೆಳಗೇ ಹೆಸರು, ಮೌಲ್ಯದ ಪುಟ್ಟ ಕೋಷ್ಟಕವೂ ಇರುತ್ತದೆ; ಹೋಸ್ಟ್ ಸಾಲನ್ನು ಒಮ್ಮೆ ಓದಿದ್ದರೂ ಗೊತ್ತಾಗುತ್ತಿತ್ತು. ನನ್ನ ಕಣ್ಣು ಎಡಗಡೆಯ ಕನ್ಸೋಲ್ (ಜಾಬ್ ಓಡುವಾಗ ಸಂದೇಶ ಬರುವ ಖಾನೆ) ಮೇಲಿತ್ತು. ಅಲ್ಲಿ ಎಕ್ಸಿಟ್ ಕೋಡ್ 0 ಬಂತು. ಪ್ರೋಗ್ರಾಂ ದೋಷವಿಲ್ಲದೆ ಮುಗಿಯಿತು ಅಂತ ಅದರರ್ಥ, ಸರಿಯಾದ ಜಾಗಕ್ಕೆ ಬರೆಯಿತು ಅಂತಲ್ಲ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಕಾಂಟೆಕ್ಸ್ಟ್ ಬದಲಿಸಿದರೆ ವಿಳಾಸ ಬದಲಾಗುತ್ತದೆ, ಕೆಲಸ ಬದಲಾಗುವುದಿಲ್ಲ. ಟ್ರಂಕೇಟ್ ಅನ್ನುವುದು ಕಾಂಪೊನೆಂಟಿಗೆ ಅಂಟಿದ ಸೆಟ್ಟಿಂಗ್. ಪರೀಕ್ಷೆಯ ಟೇಬಲ್ ಆದರೂ ಅಸಲಿ ಆದರೂ ಅದು ಅಳಿಸಿಯೇ ಅಳಿಸುತ್ತದೆ. ಅದೂ ಸಬ್‌ಜಾಬ್‌ನ (ಒಂದಕ್ಕೊಂದು ಕಟ್ಟಿದ ಕಾಂಪೊನೆಂಟ್‌ಗಳ ಗುಂಪಿನ) ಶುರುವಿನಲ್ಲೇ, ಮೊದಲ ಸಾಲು ಓದುವ ಮುಂಚೆ. ಹಾಗಾಗಿ ಓಟ ನಿಲ್ಲಿಸುವ ಕಿಲ್ ಬಟನ್ ಒತ್ತಿಯೂ ಪ್ರಯೋಜನವಿಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ ಟ್ರಂಕೇಟ್ ಆದದ್ದಕ್ಕೆ ರೋಲ್‌ಬ್ಯಾಕ್ (ಹಿಂದಿನಂತೆ ಮಾಡುವುದು) ಕೂಡ ಇಲ್ಲ, ಅದು ತಾನೇ ಕಮಿಟ್ (ಖಾಯಂ) ಆಗಿಬಿಡುತ್ತದೆ. ಹಿಂದಿನ ರಾತ್ರಿಯ ಬ್ಯಾಕಪ್ ಇತ್ತು, ಉಳಿದುಕೊಂಡೆ. ಆ ದಿನದ ಲಾರಿಗಳ ತೂಕವನ್ನು ಮಾತ್ರ ವೇಬ್ರಿಜ್ ಚೀಟಿ ಹಿಡಿದು ಕೈಯಲ್ಲೇ ಮತ್ತೆ ಏರಿಸಬೇಕಾಯಿತು.

ಆದ್ದರಿಂದ ನೀವು ಇವತ್ತೇ ಮಾಡಬೇಕಾದದ್ದು ಇಷ್ಟು. 'ಡಿಫಾಲ್ಟ್' ಕಾಲಮ್ಮಿನಲ್ಲಿ ಯಾವತ್ತೂ ಪರೀಕ್ಷೆಯ ವಿಳಾಸವೇ ಇರಲಿ. ಅಸಲಿ ವಿಳಾಸಕ್ಕೆ ಬೇರೆ ಕಾಂಟೆಕ್ಸ್ಟ್ ಮಾಡಿ, 'ಅಸಲಿ' ಅಂತಲೇ ಹೆಸರಿಡಿ. ಮೌಲ್ಯದ ಪಕ್ಕ ಪ್ರಾಂಪ್ಟ್ ಎಂಬ ಟಿಕ್ ಇದೆ. 'ಅಸಲಿ'ಯ ಹೋಸ್ಟಿಗೆ ಅದನ್ನು ಹಾಕಿದರೆ ಓಡುವ ಮುಂಚೆ ಮೌಲ್ಯ ತೋರಿಸಿ ಕೇಳುತ್ತದೆ. 'ಆ್ಯಕ್ಷನ್ ಆನ್ ಟೇಬಲ್'ನಲ್ಲಿ ಏನೂ ಮಾಡದ ಆಯ್ಕೆಯನ್ನೇ ಇಡಿ. ಪರೀಕ್ಷೆಯ ಟೇಬಲ್ ಖಾಲಿ ಮಾಡಬೇಕಾದರೆ ಡೇಟಾಬೇಸಿಗೆ ಹೋಗಿ ಕೈಯಾರೆ ಮಾಡಿ. ಇನ್ನೂ ಒಳ್ಳೆಯದೆಂದರೆ ಮೊದಲ ವಾರ ಡೇಟಾಬೇಸಿನ ಜಾಗದಲ್ಲಿ ಟಿ-ಲಾಗ್-ರೋ ಇಟ್ಟುಕೊಳ್ಳಿ. ಸಾಲುಗಳು ಕನ್ಸೋಲಿನಲ್ಲಿ ಬಂದು ನಿಲ್ಲುತ್ತವೆ, ಏನೂ ಹಾಳಾಗುವುದಿಲ್ಲ.

ಕೆಳಗಿನ ಟ್ಯಾಬ್‌ಗಳ ಬಗ್ಗೆ ಇನ್ನೊಂದು. ಇವೆಲ್ಲ ನೀವು ಮೇಲೆ ಏನನ್ನು ಆರಿಸಿದ್ದೀರೋ ಅದಕ್ಕೆ ಕಟ್ಟಿಕೊಂಡಿರುತ್ತವೆ. ಟಿ-ಮ್ಯಾಪ್ ಮೇಲೆ ಒತ್ತಿದರೆ ಕಾಂಪೊನೆಂಟ್ ಟ್ಯಾಬ್ ಅದರ ವಿವರ ತೋರಿಸುತ್ತದೆ, ಸುತ್ತಲಿನ ನೀಲಿ ಚೌಕದ ಮೇಲೆ ಒತ್ತಿದರೆ ಸಬ್‌ಜಾಬ್‌ನದು. ಎರಡು ಜಾಬ್ ತೆರೆದಿದ್ದರೆ ರನ್ ಟ್ಯಾಬ್ ಮುಂದಿರುವ ಜಾಬ್‌ನದ್ದಾಗುತ್ತದೆ. ಹೆಸರು ಅಲ್ಲೇ ಬರೆದಿರುತ್ತದೆ, ಓದಿ. "ಸೆಟ್ಟಿಂಗ್ ಹಾಕಿದ್ದೆ, ಮಾಯವಾಯಿತು" ಎಂಬ ದೂರು ಬಹಳ ಸಲ ಬೇರೆ ಕಾಂಪೊನೆಂಟಿನ ಖಾನೆಯಲ್ಲಿ ಬರೆದದ್ದರಿಂದ ಬರುತ್ತದೆ.

ಪ್ಯಾಲೆಟ್‌ನಲ್ಲಿರುವುದನ್ನೆಲ್ಲ ಬಾಯಿಪಾಠ ಮಾಡುವ ಆಲೋಚನೆ ಬಿಟ್ಟುಬಿಡಿ. ಮಧ್ಯದ ಬಿಳಿ ಜಾಗದಲ್ಲಿ ಒಮ್ಮೆ ಒತ್ತಿ, ಕಾಂಪೊನೆಂಟಿನ ಹೆಸರು ಟೈಪ್ ಮಾಡುತ್ತ ಹೋದರೆ ಪಟ್ಟಿ ತಾನೇ ಬರುತ್ತದೆ. ನಿಮ್ಮ ಕೆಲಸಕ್ಕೆ ಐದಾರು ಸಾಕು. ರೆಪಾಸಿಟರಿ ಮಾತ್ರ ಎರಡನೇ ವಾರ ಬೇಕಾಗುತ್ತದೆ. ಫೈಲಿನ ರಚನೆಯನ್ನು ಅಲ್ಲಿನ ಮೆಟಾಡೇಟಾ ಕೆಳಗೆ ಒಮ್ಮೆ ಬರೆದಿಟ್ಟು ಎಳೆದು ತಂದರೆ ಕಾಂಪೊನೆಂಟಿನ ಪ್ರಾಪರ್ಟಿ ಟೈಪ್ 'ರೆಪಾಸಿಟರಿ' ಆಗಿರುತ್ತದೆ. ಅದು 'ಬಿಲ್ಟ್-ಇನ್' ಆಗಿದ್ದರೆ ಆ ಜಾಬ್‌ನಲ್ಲಿರುವುದು ಬೇರೆಯೇ ಪ್ರತಿ; ಮೆಟಾಡೇಟಾದಲ್ಲಿ ಕಾಲಂ ಸೇರಿಸಿದರೂ ಇಲ್ಲಿಗೆ ಬರುವುದಿಲ್ಲ.

ವೇಬ್ರಿಜ್ ಫೈಲ್ ಅಂದಿರಲ್ಲ, ನಿಮ್ಮ ಮೊದಲ ಎರಡು ತೊಡಕು ಯಾವುವು ಅಂತ ಈಗಲೇ ಹೇಳುತ್ತೇನೆ. ಫೀಲ್ಡ್ ಸೆಪರೇಟರ್ (ಕಾಲಂ ಬೇರ್ಪಡಿಸುವ ಚಿಹ್ನೆ) ಖಾನೆಯಲ್ಲಿ ಮೊದಲಿಂದ ಇರುವುದು ಅರ್ಧವಿರಾಮ (;). ನಿಮ್ಮ ಫೈಲಿನಲ್ಲಿ ಅಲ್ಪವಿರಾಮ (,) ಇದ್ದರೆ ಇಡೀ ಸಾಲು ಮೊದಲ ಕಾಲಮ್ಮಿಗೇ ನುಗ್ಗುತ್ತದೆ, ಉಳಿದವು ಖಾಲಿ. ಬದಲಿಸುವಾಗ ಎರಡು ಕಡೆಯ ಜೋಡಿ ಉದ್ಧರಣ ಚಿಹ್ನೆ ಅಳಿಸಬೇಡಿ, ಆ ಖಾನೆಗಳಲ್ಲಿ ಬರೆಯುವುದು ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕೋಡ್. ಮೇಲಿನ ಸಾಲು ತಲೆಬರಹವಾಗಿದ್ದರೆ ಹೆಡರ್ 1 ಮಾಡಿ. ಎರಡನೆಯದು ಕನ್ನಡ. ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲಿನಲ್ಲಿ ಇಡುವ ಪದ್ಧತಿ) ಮೊದಲಿಂದ ಐಎಸ್‌ಒ-8859-15 ಆಗಿರುತ್ತದೆ; ಫೈಲ್ ಯುಟಿಎಫ್-8 ಆಗಿದ್ದರೆ ಕಾರಟಗಿ, ಆನೆಗೊಂದಿ, ಸಿಂಧನೂರು ಎಲ್ಲ ಅರ್ಥವಿಲ್ಲದ ಚಿಹ್ನೆಗಳಾಗಿ ಬೀಳುತ್ತವೆ. ಅಲ್ಲೂ ಯುಟಿಎಫ್-8 ಆರಿಸಿ. ವಿಂಡೋಸ್‌ನಲ್ಲಿ ಫೈಲಿನ ದಾರಿ ಬರೆಯುವಾಗ ಮುಂದಕ್ಕೆ ಬಾಗಿದ ಗೆರೆ (/) ಬಳಸಿ. ಹಿಂದಕ್ಕೆ ಬಾಗಿದ್ದನ್ನು (\) ಜಾವಾ ಬೇರೆ ಅರ್ಥದಲ್ಲಿ ಓದುತ್ತದೆ.

ಒಂದು ಟ್ಯಾಬ್ ಪರದೆ ತುಂಬ ಹಬ್ಬಿ ಉಳಿದದ್ದೆಲ್ಲ ಕಾಣದಾದರೆ ಗಾಬರಿಯಾಗಬೇಡಿ, ಅದರ ಹೆಸರಿನ ಮೇಲೆ ಎರಡು ಸಲ ಒತ್ತಿಹೋಗಿದೆ ಅಷ್ಟೇ. ಮತ್ತೆ ಹಾಗೇ ಒತ್ತಿದರೆ ಹಿಂದಿನಂತಾಗುತ್ತದೆ. ನಿಜವಾಗಿ ಮುಚ್ಚಿಹೋಗಿದ್ದರೆ ವಿಂಡೋ ಮೆನುವಿನಲ್ಲಿ ರೀಸೆಟ್ ಪರ್ಸ್ಪೆಕ್ಟಿವ್ ಇದೆ.

ನಿಮ್ಮ ಸಿಸ್ಟಮ್ಮಿನಲ್ಲಿರುವುದು ಉಚಿತ ಓಪನ್ ಸ್ಟುಡಿಯೋ ಆದರೆ ಒಂದು ಗೊತ್ತಿರಲಿ, ಅದನ್ನು 2024ರ ಜನವರಿ 31ಕ್ಕೆ ನಿಲ್ಲಿಸಿದ್ದಾರೆ. ಕಲಿಯಲು ಸಾಕು, ಆದರೆ ಮಿಲ್ಲಿನ ದಿನನಿತ್ಯದ ಲೆಕ್ಕವನ್ನು ಹೊಸದಾಗಿ ಅದರ ಮೇಲೆ ಕಟ್ಟಲು ನಾನು ಒಪ್ಪುವುದಿಲ್ಲ.

ಫೈಲಿನ ಮೊದಲ ಎರಡು ಸಾಲು ಇಲ್ಲೇ ಹಾಕಿ, ರೈತರ ಹೆಸರು ಮತ್ತು ಲಾರಿ ನಂಬರ್ ತೆಗೆದು. ಸೆಪರೇಟರ್, ಹೆಡರ್, ದಿನಾಂಕದ ಮಾದರಿ ಏನಿರಬೇಕು ಅಂತ ನೋಡಿ ಬರೆಯುತ್ತೇನೆ.