ಎಲ್ಲಾ ಮನೆ ಮುಟ್ಟೋ ದಾರಿ ಯಾಕೆ ಸಿಗ್ತಿಲ್ಲ?

ಪ್ರಶ್ನೆ: ಸರ್, 8 ಸಾಲು 8 ಕಾಲಂ ಇರೋ ಗ್ರಿಡ್‌ನಲ್ಲಿ ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಗೆ ಹೋಗೋಕೆ ಪ್ರೋಗ್ರಾಮ್ ಬರೆದಿದ್ದೀನಿ. ಮೇಲೆ, ಕೆಳಗೆ, ಅಕ್ಕಪಕ್ಕ ಒಂದೊಂದೇ ಮನೆ ಹೋಗ್ಬೋದು, ಓರೆಯಾಗಿ ಹೋಗಂಗಿಲ್ಲ. ಹತ್ತಿರದ ದಾರಿ ಕೇಳಿದ್ರೆ ತಟ್ಟಂತ ಕೊಡುತ್ತೆ. ಪ್ರತಿ ಮನೆಗೂ ಒಂದೇ ಸಲ ಹೋಗಿ ಅದೇ ಕೆಳಗಿನ ಬಲಮೂಲೆ ಸೇರು ಅಂದ್ರೆ ರಾತ್ರಿಯೆಲ್ಲಾ ಓಡಿದ್ರೂ ಉತ್ತರ ಬರಲ್ಲ. ಕಂಪ್ಯೂಟರ್ ಸ್ಲೋನಾ, ಕೋಡ್ ತಪ್ಪಾ?

ಉತ್ತರ: ಕಂಪ್ಯೂಟರ್ ಪಾಪ ಏನ್ಮಾಡುತ್ತೆ, ನೀವು ಕೇಳಿದ ದಾರಿ ಇಲ್ವೇ ಇಲ್ಲ! ಗ್ರಿಡ್‌ಗೆ ಚೆಸ್ ಬೋರ್ಡ್ ಥರ ಕಪ್ಪು ಬಿಳುಪು ಬಣ್ಣ ಹಚ್ಚಿ ನೋಡಿ. ಪ್ರತಿ ಹೆಜ್ಜೆಗೂ ಬಣ್ಣ ಬದಲಾಗುತ್ತೆ. 64 ಮನೆ ಮುಗಿಸೋಕೆ 63 ಹೆಜ್ಜೆ, ಅದು ಬೆಸಸಂಖ್ಯೆ, ಅಂದ್ರೆ ಕಪ್ಪಲ್ಲಿ ಶುರು ಮಾಡಿದೋರು ಬಿಳಿಯಲ್ಲೇ ನಿಲ್ಬೇಕು, ಆದ್ರೆ ನಿಮ್ಮ ಎರಡೂ ಮೂಲೆ ಒಂದೇ ಬಣ್ಣ. ಹುಡುಕೋ ಮುಂಚೆ ಇದನ್ನ ಚೆಕ್ ಮಾಡೋ ಎರಡು ಸಾಲು ಕೋಡ್ ಹಾಕಿದ್ರೆ ರಾತ್ರಿ ಉಳೀತಿತ್ತು.

ಹಾಗಂತ ಬಣ್ಣ ಸರಿಹೋದ್ರೆ ದಾರಿ ಇದ್ದೇ ಇರುತ್ತೆ ಅನ್ಕೋಬೇಡಿ, ಅಸಲಿ ಕಷ್ಟ ಆಮೇಲೆ ಶುರು. ಹತ್ತಿರದ ದಾರಿ ಹುಡುಕುವಾಗ 'ಈ ಮನೆಗೆ ಎಷ್ಟು ಹೆಜ್ಜೇಲಿ ಬಂದೆ' ಅನ್ನೋದೊಂದೇ ಸಾಕು, ಹೇಗೆ ಬಂದೆ ಅನ್ನೋದು ಬೇಕಿಲ್ಲ, ಅದಕ್ಕೇ ಬಿಎಫ್ಎಸ್ (ಹತ್ತಿರದ ಮನೆಯಿಂದ ದೂರದ ಮನೆಗೆ ಹಂತ ಹಂತವಾಗಿ ಹುಡುಕೋ ವಿಧಾನ) ಪ್ರತಿ ಮನೆಯನ್ನ ಒಂದ್ಸಲ ನೋಡಿ ಕೆಲಸ ಮುಗಿಸುತ್ತೆ. ಎಲ್ಲಾ ಮನೆ ಮುಟ್ಬೇಕು ಅಂದಾಗ ಇಲ್ಲಿವರೆಗೆ ಯಾವ್ಯಾವ ಮನೆ ಆಯ್ತು ಅನ್ನೋದೂ ನೆನಪಿರಬೇಕು, ಅದೇ ತಲೆನೋವು. ಮನೆ ರಿಪೀಟ್ ಮಾಡದೆ ಮೂಲೆಯಿಂದ ಎದುರು ಮೂಲೆಗೆ ಹೋಗೋ ದಾರಿಗಳು, ಎಲ್ಲಾ ಮನೆ ಮುಟ್ಟಲೇಬೇಕು ಅಂತಿಲ್ದೇ ಹೋದ್ರೂ, 5ಕ್ಕೆ 5ರಲ್ಲಿ 8,512, 7ಕ್ಕೆ 7ರಲ್ಲಿ 57 ಕೋಟಿ ದಾಟುತ್ತೆ!

ಖಾಲಿ ಆಯತ ಆದ್ರೆ ಪರವಾಗಿಲ್ಲ, ಯಾವ ಮನೆಯಿಂದ ಯಾವ ಮನೆಗೆ ದಾರಿ ಇದೆ ಅಂತ ಹೇಳೋ ನಿಯಮಗಳು ಇವೆ. ನಡುನಡುವೆ ಮನೆಗಳು ಬ್ಲಾಕ್ ಆಗಿದ್ರೆ ಮಾತ್ರ ಇದು ಎನ್‌ಪಿ-ಕಂಪ್ಲೀಟ್ ಅಂತ 1982ರಲ್ಲಿ ಕಂಪ್ಯೂಟರ್ ವಿಜ್ಞಾನಿಗಳಾದ ಇಟಾಯ್, ಪಪಡಿಮಿಟ್ರಿಯು, ಶ್ವಾರ್ಕ್‌ಫಿಟರ್ ಸಾಬೀತು ಮಾಡಿದ್ರು, ಅಂದ್ರೆ ಎಲ್ಲಾ ಕೇಸ್‌ಗೂ ಬೇಗ ಮುಗಿಯೋ ವಿಧಾನ ಇವತ್ತಿಗೂ ಯಾರ ಹತ್ರಾನೂ ಇಲ್ಲ. ಮಜಾ ಏನಂದ್ರೆ ಒಳಗೆ ತೂತೇ, ಅಂದ್ರೆ ನಡುವೆ ಬ್ಲಾಕ್ ಆದ ಮನೆಗಳೇ, ಇಲ್ದಿದ್ರೆ, ಅಂಚು ಹೇಗೇ ವಕ್ರ ಇರಲಿ, ಎಲ್ಲಾ ಮನೆ ಸುತ್ತಿ ಶುರು ಮಾಡಿದಲ್ಲಿಗೇ ಬರೋ ಸುತ್ತು ಇದ್ಯಾ ಅಂತ ಪಾಲಿನಾಮಿಯಲ್ ಟೈಮ್‌ನಲ್ಲಿ, ಅಂದ್ರೆ ಗ್ರಿಡ್ ದೊಡ್ಡದಾದ್ರೂ ಸಮಯ ಸ್ಫೋಟಿಸದಂತೆ, ಹೇಳ್ಬೋದು, 1997ರಲ್ಲಿ ಉಮಾನ್ಸ್ ಮತ್ತು ಲೆನ್‌ಹಾರ್ಟ್ ತೋರಿಸಿದ್ರು. ತೊಂದರೆ ಕೊಡೋದು ತೂತುಗಳೇ.

ನೀವು ಒಂದೊಂದೇ ದಾರಿ ಟ್ರೈ ಮಾಡೋದು ಬಿಟ್ಟು ಮನೆ ಮನೆಯಾಗಿ, ಸಾಲು ಸಾಲಾಗಿ ಇಳೀರಿ. ಮುಗಿದ ಭಾಗಕ್ಕೂ ಉಳಿದ ಭಾಗಕ್ಕೂ ನಡುವಿನ ಗೆರೆ ದಾಟೋ ದಾರಿತುಂಡುಗಳಲ್ಲಿ ಯಾವುದರ ತುದಿ ಯಾವುದಕ್ಕೆ ಸೇರಿದೆ ಅನ್ನೋದಷ್ಟೇ ಇಟ್ಕೊಳ್ಳಿ, ಮೇಲಿಂದು ಮರೆತುಬಿಡಿ. ಆಗ ಖರ್ಚು ಅಗಲದ ಜೊತೆ ಸಿಕ್ಕಾಪಟ್ಟೆ ಏರುತ್ತೆ ನಿಜ, ಆದ್ರೆ ಉದ್ದ ಎಷ್ಟಿದ್ರೂ ಸಾಲಿಗಿಷ್ಟು ಅಂತ ಅಷ್ಟೇ. 8 ಕಾಲಂಗೆ ಕಣ್ಣು ಮಿಟುಕಿಸೋದ್ರಲ್ಲಿ ಮುಗಿಯುತ್ತೆ.